ಟಫನ್ಡೋ, ಲ್ಯಾಮಿನೇಟೆಡ್ಡೋ? ಒಡೆದು ನೋಡಿದ ಮೇಲೆ

ಮನೆಗೆ ಗಾಜು ಹಾಕಿಸುವ ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಉಳಿದಿದ್ದ ಗಾಜುಗಳನ್ನು ಟಾರ್ಪಾಲಿನ ಕೆಳಗಿಟ್ಟು, ಕೈಗವಸು, ರಕ್ಷಣಾ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಒಡೆದು ನೋಡಿದೆ. ಸಾದಾ (ಫ್ಲೋಟ್), ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು), ಲ್ಯಾಮಿನೇಟೆಡ್ (ನಡುವೆ ಪದರ ಇಟ್ಟು ಅಂಟಿಸಿದ್ದು) ಮೂರನ್ನೂ. 'ಯಾವುದು ಗಟ್ಟಿ' ಅಂತ ಎಲ್ಲರೂ ಕೇಳ್ತಾರೆ. 'ಒಡೆದರೆ ಏನಾಗುತ್ತೆ' ಅಂತ ಕೇಳುವವರು ಕಮ್ಮಿ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಸಾದಾ ಗಾಜು ನಿರೀಕ್ಷಿಸಿದ ಹಾಗೆ ಉದ್ದುದ್ದ ಚೂರಿಗಳಾಯಿತು. ಎತ್ತರದಲ್ಲಿರುವ ಚಿಕ್ಕ ಕಿಟಕಿಗೆ, ಕಪಾಟಿನ ಸಣ್ಣ ಬಾಗಿಲಿಗೆ ಸಾಕು. ಓಡಾಡುವ ಬಾಗಿಲಿಗೆ, ನೆಲದವರೆಗೂ ಇಳಿಯುವ ಕಿಟಕಿಗೆ ಬೇಡವೇ ಬೇಡ.

ಟಫನ್ಡ್ ಗಾಜನ್ನು 620 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿ, ಗಾಳಿ ಊದಿ ತಟ್ಟನೆ ತಣ್ಣಗಾಗಿಸುತ್ತಾರೆ. ಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ಆಮೇಲೆ ಕುಗ್ಗುತ್ತದೆ. ಆ ಎಳೆದಾಟವೇ ಅದಕ್ಕೆ ಸಾದಾ ಗಾಜಿನ 4–5 ಪಟ್ಟು ಬಲ ಕೊಡುವುದು. ನಡುಭಾಗಕ್ಕೆ ಹೊಡೆದರೆ ಸುತ್ತಿಗೆ ಪುಟಿದು ಬಂತು. ಅಂಚಿಗೆ ಮೊಳೆಯ ಮೊನೆ ಇಟ್ಟು ಮೆಲ್ಲಗೆ ತಟ್ಟಿದ್ದೇ ತಡ, ಇಡೀ ಹಾಳೆ ಸಣ್ಣ ಸಣ್ಣ ಹರಳಾಗಿ ಉದುರಿತು. ಬಿದ್ದ ಮೇಲೂ ಸ್ವಲ್ಪ ಹೊತ್ತು ಚಟಪಟ ಅನ್ನುತ್ತಲೇ ಇತ್ತು. ಈ ಗಾಜಿನ ಜೀವ ಇರುವುದು ಅಂಚಿನಲ್ಲಿ, ಸಾಗಿಸುವಾಗ ಜೋಪಾನ.

ಟಫನ್ ಮಾಡಿದ ಮೇಲೆ ಕತ್ತರಿಸಲಾಗದು, ತೂತು ಕೊರೆಯಲೂ ಆಗದು. ಹಿಡಿಕೆಯ ತೂತಿನ ಅಳತೆಯನ್ನೂ ಮೊದಲೇ ಕೊಟ್ಟಿರಬೇಕು. ಒಳಗೆ ನಿಕಲ್ ಸಲ್ಫೈಡ್ ಕಣ ಉಳಿದಿದ್ದರೆ ಯಾರೂ ಮುಟ್ಟದೆಯೇ ಒಂದು ದಿನ ಸಿಡಿಯುವುದೂ ಉಂಟು. ಅಪರೂಪ, ಆದರೆ ಮೇಲಿನ ಮಹಡಿಯ ಗಾಜಾದರೆ ಹೀಟ್ ಸೋಕ್ ಪರೀಕ್ಷೆ (ಅಂಥ ಗಾಜು ಇದ್ದರೆ ಕಾರ್ಖಾನೆಯಲ್ಲೇ ಒಡೆಯಲಿ ಅಂತ ಮತ್ತೆ ಕಾಯಿಸಿ ನೋಡುವುದು) ಆಗಿದೆಯಾ ಅಂತ ಕೇಳಿ.

ಲ್ಯಾಮಿನೇಟೆಡ್‌ನಲ್ಲಿ ಎರಡು ಹಾಳೆಗಳ ನಡುವೆ ಪಿವಿಬಿ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಪದರ ಇರುತ್ತದೆ, ದಪ್ಪ ಸಾಮಾನ್ಯವಾಗಿ 0.38 ಮಿ.ಮೀ. ಇಲ್ಲವೇ ಅದರ ಎರಡು-ಮೂರು ಪಟ್ಟು. ಇದು ಟಫನ್ಡ್‌ಗಿಂತ ಬೇಗ ಬಿರುಕು ಬಿಟ್ಟಿತು, ಆದರೆ ಕೆಳಗೆ ಬೀಳಲಿಲ್ಲ. ಎಷ್ಟು ಬಡಿದರೂ ಚೂರುಗಳು ಪದರಕ್ಕೇ ಕಚ್ಚಿಕೊಂಡು ನಿಂತವು. ತಲೆಯ ಮೇಲಿನ ಗಾಜಿಗೆ, ಮಹಡಿಯ ಕಟಕಟೆಗೆ ನನ್ನ ಓಟು ಇದಕ್ಕೇ. ಟಫನ್ಡ್ ಹಾಳೆಗಳನ್ನೇ ಲ್ಯಾಮಿನೇಟ್ ಮಾಡಿಸಿದರೆ ಇನ್ನೂ ಮೇಲು. ಹೊರಗಿನ ಸದ್ದೂ ಒಂದಿಷ್ಟು ತಗ್ಗುತ್ತದೆ. ನೇರಳಾತೀತ ಕಿರಣಗಳಂತೂ ಬಹುಪಾಲು ಪದರದಲ್ಲೇ ನಿಲ್ಲುತ್ತವೆ, ಹಾಗಾಗಿ ಪರದೆಯ ಬಣ್ಣ ಅಷ್ಟು ಬೇಗ ಮಾಸುವುದಿಲ್ಲ. ಅಂಚಿನಲ್ಲಿ ನೀರು ನಿಂತರೆ ಮಾತ್ರ ಪದರ ಬಿಟ್ಟುಕೊಂಡು ಬೆಳ್ಳಗಾಗುತ್ತದೆ. ಭಾರದ ಲೆಕ್ಕ ಸುಲಭ: ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. ಅಂದರೆ 6+6 ಗಾಜು (6 ಮಿ.ಮೀ.ಯ ಎರಡು ಹಾಳೆ) ಚದರ ಮೀಟರಿಗೆ 30 ಕೆ.ಜಿ. ತೂಗುತ್ತದೆ. ಬಾಗಿಲಿನ ಕೀಲು (ಹಿಂಜ್) ತಡೆಯಬೇಕಲ್ಲ!

ಇನ್ನು ಬಿಸಿಲಿನ ಪಾಡು. ಪಶ್ಚಿಮದ ಗೋಡೆಯಲ್ಲಿ ಒಂದು ಕಿಟಕಿಗೆ ಕಡು ಬಣ್ಣದ ಒಂಟಿ ಗಾಜು, ಪಕ್ಕದ್ದಕ್ಕೆ ಲೋ-ಇ ಲೇಪನದ (ಶಾಖವನ್ನು ಹಿಂದಕ್ಕೆ ತಳ್ಳುವ ಕಣ್ಣಿಗೆ ಕಾಣದಷ್ಟು ತೆಳು ಲೇಪನ) ಡಬಲ್ ಗ್ಲೇಜಿಂಗ್, ಅಂದರೆ ನಡುವೆ ಜಾಗ ಬಿಟ್ಟು ಸೀಲ್ ಮಾಡಿದ ಜೋಡಿ ಗಾಜು, ಹಾಕಿಸಿದ್ದೆ. ಸಂಜೆ ಹೊತ್ತಿಗೆ ಬಣ್ಣದ ಗಾಜಿಗೆ ಅಂಗೈ ಇಟ್ಟರೆ ಚುರ್ ಅನ್ನುತ್ತಿತ್ತು. ಅದು ಬಿಸಿಲನ್ನು ಹೀರಿಕೊಂಡು ಕಾಯುತ್ತದೆ, ಆಮೇಲೆ ಒಂದು ಪಾಲನ್ನು ಕೋಣೆಗೇ ಬಿಡುತ್ತದೆ. ಪಕ್ಕದ ಕಿಟಕಿಯ ಒಳಮೈ ಅಷ್ಟು ಕಾಯುತ್ತಿರಲಿಲ್ಲ. ಗಾಜಿನ ಮೂಲಕ ಶಾಖ ಎಷ್ಟು ದಾಟುತ್ತದೆ ಅನ್ನುವ ಅಳತೆ ಯು-ಮೌಲ್ಯ, ಕಮ್ಮಿ ಇದ್ದಷ್ಟೂ ಒಳ್ಳೆಯದು. ಒಂಟಿ ಗಾಜಿನದು ಸುಮಾರು 5.7, ಸಾಮಾನ್ಯ ಡಬಲ್‌ದು 2.8ರ ಆಸುಪಾಸು, ಲೋ-ಇ ಇದ್ದರೆ 2ಕ್ಕಿಂತಲೂ ಕೆಳಗೆ. ಆದರೆ ಎರಡು ಪದರ ಇದ್ದ ಮಾತ್ರಕ್ಕೆ ನೇರ ಬಿಸಿಲು ನಿಲ್ಲುವುದಿಲ್ಲ, ಅದನ್ನು ತಡೆಯುವುದು ಲೇಪನ. ಲೇಪನ ಇದೆಯೋ ಇಲ್ಲವೋ ಅನುಮಾನ ಬಂದರೆ ಡಬಲ್ ಗಾಜಿನ ಮುಂದೆ ಬೆಂಕಿಕಡ್ಡಿ ಗೀರಿ ಹಿಡಿಯಿರಿ. ನಾಲ್ಕು ಪ್ರತಿಬಿಂಬ ಕಾಣುತ್ತವೆ, ಅದರಲ್ಲಿ ಒಂದರ ಬಣ್ಣ ಬೇರೆ ಇದ್ದರೆ ಲೇಪನ ಇದೆ. ಡಬಲ್‌ನ ಸೀಲ್ ಹೋಗಿ ನಡುವೆ ಮಂಜು ಕಟ್ಟಿದರೆ ಒರೆಸಲಾಗದು, ಸಾಮಾನ್ಯವಾಗಿ ಇಡೀ ಗಾಜೇ ಬದಲಾಗಬೇಕು.

ಕನ್ನಡಿಯಂಥ ರಿಫ್ಲೆಕ್ಟಿವ್ ಗಾಜು ಹಗಲಲ್ಲಿ ಮರೆ ಕೊಡುತ್ತದೆ, ರಾತ್ರಿ ಒಳಗೆ ದೀಪ ಹಾಕಿದರೆ ಬೀದಿಗೆಲ್ಲ ದರ್ಶನ. ಮರೆಯೇ ಬೇಕಿದ್ದರೆ ಫ್ರಾಸ್ಟೆಡ್ (ಮೈ ಒರಟು ಮಾಡಿ ಮಸುಕಾಗಿಸಿದ ಗಾಜು) ಹಾಕಿಸಿ. ಅದರಲ್ಲೂ ಆಸಿಡ್‌ನಿಂದ ಮೈ ಕೊರೆದು (ಎಚ್) ಮಾಡಿದ್ದು ವಾಸಿ, ಮರಳು ಊದಿ ಮಾಡಿದ್ದರ ಮೇಲೆ ಬೆರಳ ಗುರುತು ಬೇಗ ಹೋಗುವುದಿಲ್ಲ. ಸ್ನಾನದ ಮನೆಗಾದರೆ ಒರಟು ಮೈ ನೀರು ಬೀಳದ ಕಡೆಗೆ ಇರಲಿ, ಒದ್ದೆಯಾದರೆ ಅದು ಹೆಚ್ಚುಕಡಿಮೆ ಸಾದಾ ಗಾಜಿನಂತೆಯೇ ಕಾಣುತ್ತದೆ.