ಅಜ್ಜರಕಾಡು ಪಾರ್ಕ್ ಹತ್ರದ ಬೀಟ್ರೂಟ್ ಜ್ಯೂಸ್ ಗಾಡಿ, ಹಾರ್ಟ್ ಪೇಷಂಟ್ ಮನೆಯವರು ಓದಿ

ಉಡುಪಿಯಲ್ಲಿ ಅಜ್ಜರಕಾಡಿಗೆ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಈ ಗಾಡಿ ಗೊತ್ತಿರ್ತದೆ, ಬೋರ್ಡ್ ಗೀರ್ಡ್ ಎಂತದೂ ಇಲ್ಲ, ಒಂದು ಜ್ಯೂಸರ್, ಮುಂದೆ ಬೀಟ್ರೂಟ್ ಕ್ಯಾರೆಟ್ ರಾಶಿ ಅಷ್ಟೆ. ಅಪ್ಪನಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದು, ನಾಲ್ಕು ತಿಂಗಳಿಂದ ದಿನಾ ಇಲ್ಲಿ ಒಂದು ಗ್ಲಾಸ್ ಬೀಟ್ರೂಟ್ ಕುಡಿತಾ ಇದ್ದಾರೆ.

ಕಣ್ಣೆದುರೇ ಸಿಪ್ಪೆ ತೆಗೆದು ಹಾಕ್ತಾರೆ, ನೀರು ಸೇರಿಸುದಿಲ್ಲ, ಒಂದು ಚೂರು ಶುಂಠಿ, ಲಿಂಬೆ ಹಿಂಡಿ ಕೊಡ್ತಾರೆ, 40 ರೂಪಾಯಿ. ಬೀಟ್ರೂಟಿನ ಆ ಮಣ್ಣಿನ ವಾಸನೆ ಶುಂಠಿ ಇದ್ರೆ ಅಷ್ಟು ಗೊತ್ತಾಗುದಿಲ್ಲ. ನನ್ನ ತಕರಾರು ಒಂದೇ, ಕೇಳದೇ ಸಕ್ಕರೆ ಉಪ್ಪು ಎರಡೂ ಹಾಕಿ ಬಿಡ್ತಾರೆ. ಬಿಪಿ ಇಳೀಲಿ ಅಂತ ಕುಡಿಯುವವರಿಗೆ ಉಪ್ಪು ಹಾಕಿ ಕೊಟ್ರೆ ಎಂತ ಪ್ರಯೋಜನ ಮಾರಾಯ್ರೆ? "ಅಣ್ಣ, ಇವರಿಗೆ ಹಾರ್ಟ್ ಪ್ರಾಬ್ಲಂ ಉಂಟು, ಎರಡೂ ಬೇಡ" ಅಂತ ಎರಡು ಸಲ ಹೇಳ್ಬೇಕಾಯ್ತು. ಈಗ ಅಪ್ಪನನ್ನು ಕಂಡ ಕೂಡ್ಲೇ "ನಿಮ್ಮದು ಪ್ಲೇನ್ ಅಲ್ವಾ" ಅಂತ ಅವರೇ ಕೇಳ್ತಾರೆ, ಅದು ಖುಷಿ.

ಬೀಟ್ರೂಟೇ ಯಾಕೆ ಅಂದ್ರೆ ಅದರಲ್ಲಿ ನೈಟ್ರೇಟ್ ಅನ್ನುವ ಒಂದು ಲವಣ ಜಾಸ್ತಿ, ನಮ್ಮ ಹರಿವೆ ಸೊಪ್ಪು, ಪಾಲಕ್‌ನಲ್ಲೂ ಉಂಟು. ನಾವು ಕುಡಿದ ನೈಟ್ರೇಟ್ ರಕ್ತಕ್ಕೆ ಹೋಗಿ ತಿರುಗಿ ಎಂಜಲಲ್ಲಿ ಬರ್ತದೆ, ಅಲ್ಲಿ ನಾಲಗೆ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡ್ತವೆ, ಅದು ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಆಗಿ ರಕ್ತನಾಳ ಸಡಿಲ ಆಗ್ತದೆ, ರಕ್ತ ಸಲೀಸಾಗಿ ಹರೀತದೆ. ಈ ನೈಟ್ರಿಕ್ ಆಕ್ಸೈಡ್ ಕೆಲಸ ಕಂಡುಹಿಡಿದದ್ದಕ್ಕೇ 1998ರಲ್ಲಿ ಮೂರು ಜನಕ್ಕೆ ನೊಬೆಲ್ ಸಿಕ್ಕಿದ್ದು. 2015ರಲ್ಲಿ ಲಂಡನ್‌ನ ಸಂಶೋಧಕರು ಬಿಪಿ ಇರುವವರಿಗೆ ದಿನಾ 250 ಎಂಎಲ್ ಬೀಟ್ರೂಟ್ ಜ್ಯೂಸ್ ಹಾಗೆ ನಾಲ್ಕು ವಾರ ಕೊಟ್ಟು ನೋಡಿದ್ದಾರೆ, ಮೇಲಿನ ಬಿಪಿ ಏಳೆಂಟು ಪಾಯಿಂಟ್ ಇಳಿದಿತ್ತು, ನೈಟ್ರೇಟ್ ತೆಗೆದ ಜ್ಯೂಸ್ ಕುಡಿದವರಿಗೆ ಇಳೀಲಿಲ್ಲ.

ಇದು ಓದಿದ ಮೇಲೆ ನನಗೆ ತಲೆಗೆ ಹೊಳೆದದ್ದು ಅಪ್ಪನ ಮೌತ್‌ವಾಶ್! ಹಲ್ಲು ಕೀಳಿಸಿದಾಗ ಕೊಟ್ಟದ್ದನ್ನು ತಿಂಗಳುಗಟ್ಟಲೆ ಬಿಡದೇ ಬಾಯಿ ಮುಕ್ಕಳಿಸ್ತಾ ಇದ್ರು, ಅದು ನಾಲಗೆಯ ಬ್ಯಾಕ್ಟೀರಿಯಾವನ್ನೇ ಕೊಲ್ತದೆ, ಮತ್ತೆ ಬೀಟ್ರೂಟ್ ಕುಡಿದ್ರೂ ಅರ್ಧ ಕೆಲಸ ಅಲ್ಲೇ ನಿಂತು ಹೋಗ್ತದೆ. ಹಲ್ಲಿನ ಡಾಕ್ಟ್ರನ್ನು ಕೇಳಿ ನಿಲ್ಲಿಸಿದೆವು. ಮನೆಯಲ್ಲಿ ಅಮ್ಮ ಪಲ್ಯಕ್ಕೆ ಬೀಟ್ರೂಟ್ ಬೇಯಿಸಿ ನೀರು ಚೆಲ್ಲುದೂ ನಿಂತಿದೆ, ನೈಟ್ರೇಟ್ ಆ ನೀರಿಗೇ ಇಳಿದು ಹೋಗ್ತದೆ.

ಆದ್ರೆ ದಯವಿಟ್ಟು ಯಾರೂ ಇದನ್ನು ಮದ್ದು ಅಂತ ತಿಳ್ಕೊಂಡು ಮಾತ್ರೆ ಬಿಡ್ಬೇಡಿ. ನಾವು ಹಾರ್ಟ್ ಡಾಕ್ಟ್ರನ್ನು ಕೇಳಿಯೇ ಶುರು ಮಾಡಿದ್ದು, ಬಿಪಿ ಮಾತ್ರೆ ಜೊತೆ ಸೇರಿ ತುಂಬ ಇಳಿದ್ರೆ ತಲೆ ತಿರುಗ್ತದೆ, ಮನೆಯಲ್ಲಿ ಬಿಪಿ ನೋಡಿ ಬರೆದಿಡಿ ಅಂತ ಅವರು ಹೇಳಿದ್ರು. ಕಿಡ್ನಿ ಕಲ್ಲು ಆದವರು, ಪೊಟ್ಯಾಶಿಯಂ ಕಂಟ್ರೋಲ್ ಮಾಡ್ಬೇಕಾದವರು ಕೇಳದೇ ಕುಡಿಯುದೇ ಬೇಡ. ಎದೆ ನೋವು ಬಂದ್ರೆ ಡಾಕ್ಟ್ರು ಕೊಟ್ಟ ಸಾರ್ಬಿಟ್ರೇಟ್ (ರಕ್ತನಾಳ ಸಡಿಲ ಮಾಡುವ ಮಾತ್ರೆ) ನಾಲಗೆ ಅಡಿ ಇಟ್ಟು ಆಸ್ಪತ್ರೆಗೆ ಓಡ್ಬೇಕು, ಆ ಮಾತ್ರೆ ನಿಮಿಷದಲ್ಲಿ ಕೆಲಸ ಮಾಡ್ತದೆ, ಜ್ಯೂಸ್‌ಗೆ ಎರಡು ಮೂರು ಗಂಟೆ ಬೇಕು.

ಅಪ್ಪನ ಬಿಪಿ ಮೊದಲಿಗಿಂತ ಸ್ವಲ್ಪ ಕಡಿಮೆ ಉಂಟು, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆ ಆಗಿದೆ ಅಂತಾರೆ. ವಾಕಿಂಗೂ ಶುರು ಮಾಡಿದ್ದಾರೆ, ಹಾಗಾಗಿ ಎಲ್ಲ ಜ್ಯೂಸಿಂದ್ಲೇ ಅಂತ ನಾನು ಹೇಳುದಿಲ್ಲ. ಮೂತ್ರ ಕೆಂಪಗೆ ಹೋದ್ರೆ ಹೆದರ್ಬೇಡಿ, ಬೀಟ್ರೂಟ್ ಕುಡಿದ ಕೆಲವರಿಗೆ ಹಾಗೆ ಆಗ್ತದೆ, ಅಪ್ಪ ಮೊದಲ ದಿನ ಗಾಬರಿಯಾಗಿ ನನ್ನನ್ನು ಆಫೀಸಿಂದ ಕರೆಸಿದ್ರು.

ಐದಕ್ಕೆ ನಾಲ್ಕು ಕೊಡ್ತೇನೆ, ಒಂದು ಕಡಿಮೆ ಆದದ್ದು ಉಪ್ಪಿಗೆ. ಎಂಟು ಗಂಟೆ ಒಳಗೆ ಹೋಗಿ, ಆಮೇಲೆ ಬೀಟ್ರೂಟ್ ಖಾಲಿ ಆಗಿರ್ತದೆ.