ಗೂಗಲ್ ಆರ್ಟ್ಸ್ ಆ್ಯಂಡ್ ಕಲ್ಚರ್: ಎಳೆ ಸಿಗುತ್ತದೆ, ಎತ್ತರ ಸಿಗುವುದಿಲ್ಲ

ವ್ಯಾನ್ ಗೋನ ಕುಂಚದ ಗೀರುಗಳನ್ನು ಹಿಗ್ಗಿಸಿ ನೋಡಲು, ಮ್ಯೂಸಿಯಂಗಳ ಕೃತಿಗಳನ್ನು ಫೋನಿನಲ್ಲಿ ತೋರಿಸುವ ಗೂಗಲ್‌ನ ಈ ಆ್ಯಪ್ ಹೇಳಿ ಮಾಡಿಸಿದಂತಿದೆ, ಅದರಲ್ಲಿ ತಕರಾರಿಲ್ಲ. 2011ರ ಫೆಬ್ರವರಿಯಲ್ಲಿ ಇದು ಜಾಲತಾಣವಾಗಿ 17 ಮ್ಯೂಸಿಯಂಗಳ ಜೊತೆ ಶುರುವಾದಾಗ ಒಂದೊಂದು ಮ್ಯೂಸಿಯಂ ಒಂದೊಂದು ಕೃತಿಯನ್ನು ಗಿಗಾಪಿಕ್ಸೆಲ್ (ನೂರು ಕೋಟಿಯಷ್ಟು ಬಿಂದುಗಳಿರುವ) ಚಿತ್ರಕ್ಕೆ ಒದಗಿಸಿತ್ತು. ಆದರೆ 'ನಾವು ಯಾರು, ಯಾರ ಪೈಕಿ' ಎಂಬ ಪ್ರಶ್ನೆಯನ್ನು ಬಟ್ಟೆ, ತಗಡು, ಕಾಗದದಲ್ಲಿ ಕೇಳುವ ಈಗಿನ ಕಲಾವಿದರ ಕೆಲಸ ಇದರಲ್ಲಿ ಎಷ್ಟು ದಕ್ಕುತ್ತದೆ? ಅರ್ಧ. ಯಾವ ಅರ್ಧ ಅಂತ ಗೊತ್ತಿದ್ದರೆ ಆ್ಯಪ್ ಚೆನ್ನಾಗಿಯೇ ಉಪಯೋಗಕ್ಕೆ ಬರುತ್ತದೆ.

ಮೊದಲು ದಕ್ಕುವುದನ್ನು ನೋಡೋಣ. ಬ್ರಿಟಿಷ್-ನೈಜೀರಿಯನ್ ಕಲಾವಿದ ಯಿಂಕಾ ಶೋನಿಬಾರೆಯ ಬೊಂಬೆಗಳಿಗೆ ತೊಡಿಸಿದ ಬಟ್ಟೆಯನ್ನು ನೋಡಿದವರೆಲ್ಲ 'ಆಫ್ರಿಕದ್ದು' ಅನ್ನುತ್ತಾರೆ. ಅಸಲಿಗೆ ಅದು ಇಂಡೊನೇಷ್ಯಾದ ಬಾಟಿಕ್ (ಮೇಣ ಹಚ್ಚಿ ಬಣ್ಣ ಹಾಕಿದ ಬಟ್ಟೆ) ನೋಡಿ ಡಚ್ಚರು ಯಂತ್ರದಲ್ಲಿ ತಯಾರಿಸಿ ಪಶ್ಚಿಮ ಆಫ್ರಿಕದಲ್ಲಿ ಮಾರಿದ ಮಾಲು. ಇಂಥ ಬಟ್ಟೆಗೆ ಎರಡೂ ಬದಿ ರಾಳ ಒತ್ತಿ ಬಣ್ಣ ಹಾಕುತ್ತಾರೆ. ರಾಳ ಬಿರುಕು ಬಿಟ್ಟಲ್ಲಿ ಬಣ್ಣ ನುಸುಳಿ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಚಿತ್ರ ಒಳ್ಳೆಯ ರೆಸಲ್ಯೂಷನ್‌ನಲ್ಲಿದ್ದರೆ ಆ ಗೆರೆಗಳು ಪರದೆಯ ಮೇಲೂ ಕಾಣುತ್ತವೆ. ಹಿಗ್ಗಿಸಿದ ಕೂಡಲೇ ಮಸುಕಾಗಿದೆ ಎಂದು ಕೈಬಿಡಬೇಡಿ. ಚಿತ್ರ ಸಣ್ಣ ಸಣ್ಣ ಚೌಕಗಳಾಗಿ ಬರುವುದರಿಂದ ನೆಟ್ ನಿಧಾನವಿದ್ದರೆ ಸ್ಪಷ್ಟವಾಗಲು ಹೊತ್ತು ಹಿಡಿಯುತ್ತದೆ. ಕಾದರೂ ತಿಳಿಯಾಗದಿದ್ದರೆ ಆ ಮ್ಯೂಸಿಯಂ ಕೊಟ್ಟ ಫೋಟೊನೇ ಅಷ್ಟು. ಚಿತ್ರಗಳನ್ನು ಕೊಡುವುದು ಮ್ಯೂಸಿಯಂಗಳೇ ಆದ್ದರಿಂದ ಗುಣಮಟ್ಟ ಒಂದರಿಂದ ಒಂದಕ್ಕೆ ಅಜಗಜಾಂತರ.

ಘಾನಾದಲ್ಲಿ ಹುಟ್ಟಿದ ಕಲಾವಿದ ಎಲ್ ಅನಾಟ್ಸುಯಿಯ ತಗಡಿನ ಹೊದಿಕೆಗಳಲ್ಲಿ ಲಾಭವೂ ಇದೆ, ಮೋಸವೂ ಇದೆ. ಮದ್ಯದ ಬಾಟಲಿಯ ಮುಚ್ಚಳ, ಕತ್ತಿನ ಪಟ್ಟಿಗಳನ್ನು ತಟ್ಟಿ, ತೂತು ಕೊರೆದು, ತಾಮ್ರದ ತಂತಿಯಿಂದ ಕಟ್ಟಿದ ಕೃತಿಗಳಿವು. ಯುರೋಪಿನ ವ್ಯಾಪಾರಿಗಳು ಆಫ್ರಿಕಕ್ಕೆ ತಂದ ಸರಕುಗಳಲ್ಲಿ ಮದ್ಯವೂ ಒಂದು. ಹಾಗಾಗಿ ಮುಚ್ಚಳದ ಮೇಲಿನ ಬ್ರಾಂಡ್ ಹೆಸರು ಓದಲು ಸಿಕ್ಕರೆ ಅದು ಬರೀ ಅಲಂಕಾರವಾಗಿ ಉಳಿಯುವುದಿಲ್ಲ. ಗ್ಯಾಲರಿಯಲ್ಲಿ ಕಾವಲಿನವರು ಅಷ್ಟು ಹತ್ತಿರ ಬಿಡುವುದಿಲ್ಲ. ಇಲ್ಲಿ ಕೇಳುವವರಿಲ್ಲ! ಮೋಸ ಇರುವುದು ಇನ್ನೊಂದು ಕಡೆ. ಈ ಹೊದಿಕೆಗೆ ಇದೇ ಆಕಾರ ಅಂತಿಲ್ಲ. ಎಲ್ಲಿ ಮಡಿಕೆ ಬೀಳಬೇಕು, ಎಲ್ಲಿ ಜೋಲಬೇಕು ಎಂಬುದನ್ನು ಕಲಾವಿದ ತೂಗುಹಾಕುವವರಿಗೇ ಬಿಡುತ್ತಾರೆ. ಆ್ಯಪ್‌ನ ಫೋಟೊ ಒಂದು ಸಲ ತೂಗುಹಾಕಿದ್ದರ ಚಿತ್ರವಷ್ಟೇ. ಅದನ್ನೇ 'ಕೃತಿ' ಅಂದುಕೊಂಡರೆ ಕೆಟ್ಟಿತು. ಅದೇ ಶೀರ್ಷಿಕೆಗೆ ಬೇರೆ ಪ್ರದರ್ಶನದ ಫೋಟೊ ಹುಡುಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ದಕ್ಕದಿರುವುದು ಅಳತೆ. ಐದು ಮೀಟರ್ ಅಗಲದ ಹೊದಿಕೆ, ಅಂಗೈಯಗಲದ ಅಚ್ಚುಚಿತ್ರ ಎರಡೂ ಅದೇ ಆರಿಂಚಿನ ಪರದೆಯಲ್ಲಿ ಒಂದೇ ಗಾತ್ರ. ಚಿತ್ರದ ಕೆಳಗೆ 'ಡೀಟೇಲ್ಸ್' ಭಾಗದಲ್ಲಿ 'ಫಿಸಿಕಲ್ ಡೈಮೆನ್ಷನ್ಸ್' ಸಾಲು ಇದ್ದರೆ ಟೇಪು ಹಿಡಿದು ಗೋಡೆಯ ಮೇಲೆ ನಾಲ್ಕು ಮೂಲೆ ಗುರುತು ಮಾಡಿ, ಎರಡು ಮೀಟರ್ ಹಿಂದೆ ನಿಲ್ಲಿ. ಎರಡು ನಿಮಿಷದ ಕೆಲಸ, ಫಲ ದೊಡ್ಡದು. ಆರ್ಟ್ ಪ್ರೊಜೆಕ್ಟರ್ ಎಂಬ ಸೌಲಭ್ಯ ಇದನ್ನೇ ಕ್ಯಾಮೆರಾದ ಮೂಲಕ ಮಾಡುತ್ತದೆ. ಆದರೆ ಆಯ್ದ ಕೃತಿಗಳಿಗೆ, ಅದೂ ಚಪ್ಪಟೆ ಚಿತ್ರವಾಗಿ. ಕೊರಿಯಾದ ಕಲಾವಿದ ಡೊ ಹೊ ಸುಹ್ ತಾನಿದ್ದ ಮನೆಯನ್ನು ತೆಳು ಪಾಲಿಯೆಸ್ಟರ್ ಬಟ್ಟೆಯಲ್ಲಿ ನಿಜ ಅಳತೆಗೆ ಹೊಲಿದಿದ್ದಾರೆ. ಸ್ವಿಚ್ಚು, ಬಾಗಿಲಿನ ಹಿಡಿ ಕೂಡ ಬಟ್ಟೆಯವೇ. ಅದರೊಳಗೆ ನಡೆದಾಗ ಗೋಡೆಯಾಚೆ ಓಡಾಡುವ ಅಪರಿಚಿತರು ನೆರಳಿನಂತೆ ಕಾಣುತ್ತಾರೆ. ಪರದೆಯಲ್ಲಿ ಹೊಲಿಗೆ ಸಿಕ್ಕರೂ ಆ ಅಪರಿಚಿತರು ಸಿಗುವುದಿಲ್ಲ.

ಮ್ಯೂಸಿಯಂನೊಳಗೆ ಸುತ್ತುವ ಸ್ಟ್ರೀಟ್ ವ್ಯೂ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕೃತಿಸ್ವಾಮ್ಯ ಇರುವ ಕೃತಿಗಳನ್ನು ಅಲ್ಲಿ ಮಬ್ಬು ಮಾಡಿರುವುದುಂಟು. ಬದುಕಿರುವ ಕಲಾವಿದರಿಗೇ ಈ ಪೆಟ್ಟು ಹೆಚ್ಚು. ವಿಡಿಯೊ, ಧ್ವನಿ ಕೃತಿಗಳಿಗಂತೂ ಸ್ಟ್ರೀಟ್ ವ್ಯೂ ಒಗ್ಗುವುದಿಲ್ಲ.

ಕೊನೆಗೆ ಮಾಹಿತಿ ಸಾಲು. ಹುಟ್ಟಿದ ಊರು, ದೇಶ, ಇಸವಿ: ಮ್ಯೂಸಿಯಂ ಗೋಡೆಯ ಚೀಟಿಯ ಅದೇ ಹಳೆಯ ಕ್ರಮ ಇಲ್ಲೂ ಇದೆ. ಗುರುತಿನ ಪ್ರಶ್ನೆ ಎತ್ತುವ ಕಲೆಗೆ ಇದು ಸಾಲದು. ಅಚ್ಚುಚಿತ್ರಗಳ ಕಲಾವಿದೆ ಜರೀನಾ ಹುಟ್ಟಿದ್ದು 1937ರಲ್ಲಿ ಅಲಿಗಢದಲ್ಲಿ, ಬಹುಕಾಲ ಇದ್ದದ್ದು ನ್ಯೂಯಾರ್ಕ್‌ನಲ್ಲಿ, ತೀರಿಕೊಂಡದ್ದು 2020ರಲ್ಲಿ ಲಂಡನ್ನಿನಲ್ಲಿ. ತಂದೆ ತಾಯಿ ಪಾಕಿಸ್ತಾನಕ್ಕೆ ಹೋಗಿದ್ದರು. ಒಂದೇ ದೇಶದ ಹೆಸರಿನ ಕೆಳಗೆ ಹುಡುಕಿದರೆ ಇಂಥವರು ತಪ್ಪಿಹೋಗಬಹುದು. ಕಲಾವಿದರ ಹೆಸರಿನಿಂದಲೇ ಹುಡುಕಿ. ಜರೀನಾರ 1999ರ 'ಹೋಮ್ ಈಸ್ ಎ ಫಾರಿನ್ ಪ್ಲೇಸ್' ಸರಣಿಯಲ್ಲಿ ಮರದಚ್ಚಿನಿಂದ ಒತ್ತಿದ 36 ಚಿತ್ರಗಳಿವೆ. ಮನೆ, ದೂರ, ಗಡಿ ಎಂಬಂಥ ಒಂದೊಂದು ಮಾತಿಗೆ ಒಂದೊಂದು ಚಿತ್ರ, ಅಡಿಯಲ್ಲಿ ಉರ್ದು ಬರಹ. ಇಂಥ ಸರಣಿಯ ಬಿಡಿ ಹಾಳೆಯೊಂದು ಎದುರಾದರೆ ಅದಷ್ಟನ್ನೇ ನೋಡಿ ಮುಗಿಸಬೇಡಿ, ಉಳಿದವನ್ನೂ ಹುಡುಕಿ. 'ಗಡಿ' ಬರಿಯ ಒಂದು ಕಪ್ಪು ಗೆರೆಯಲ್ಲ ಅನ್ನಿಸುವುದು 'ಮನೆ' ಪಕ್ಕದಲ್ಲಿದ್ದಾಗ.