ನೀಡ್‌ರೀಸ್ಟಾರ್ಟ್: ಕೆಲಸ ಸರಿ, ಪ್ರಶ್ನೆ ಕೇಳುವ ಜಾಗ ತಪ್ಪು

ಉಬುಂಟು ಸರ್ವರ್ 22.04ರಲ್ಲಿ ಪ್ಯಾಕೇಜುಗಳನ್ನು ಹೊಸದಾಗಿಸುವ ಆಪ್ಟ್ ಅಪ್‌ಗ್ರೇಡ್ ಕಮಾಂಡ್ ಕೊಟ್ಟಿದ್ದೀರಿ. ಪ್ಯಾಕೇಜುಗಳೆಲ್ಲ ಕೂತವು, ಆದರೆ ಕಮಾಂಡ್ ಮಾತ್ರ ಮುಗಿಯುತ್ತಿಲ್ಲ. ಹೀಗೆ ಕೊನೇ ಹಂತದಲ್ಲಿ ನಿಂತರೆ ಮೊದಲ ಅನುಮಾನ, ಅಪ್‌ಗ್ರೇಡ್ ಆದಮೇಲೆ ಯಾವ ಸರ್ವಿಸ್ ರೀಸ್ಟಾರ್ಟ್ ಆಗಬೇಕೆಂದು ನೋಡುವ ನೀಡ್‌ರೀಸ್ಟಾರ್ಟ್ ಎಂಬ ಟೂಲ್ ಮೇಲೆ ಬರಬೇಕು. 22.04 ಸರ್ವರ್‌ನಲ್ಲಿ ಇದು ನೀವು ಕೇಳದೆಯೇ ಇನ್‌ಸ್ಟಾಲ್ ಆಗಿರುತ್ತದೆ.

ಇದು ಮಾಡುವ ಕೆಲಸ ದೊಡ್ಡದು. ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿಯನ್ನು ಅಪ್‌ಗ್ರೇಡ್ ಮಾಡಿದರೂ ಆಗಲೇ ಓಡುತ್ತಿರುವ ಎಂಜಿನ್‌ಎಕ್ಸ್ ವೆಬ್ ಸರ್ವರ್ ಮೆಮೊರಿಯಲ್ಲಿ ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿರುತ್ತದೆ. ಡಿಸ್ಕ್‌ನಲ್ಲಿ ಭದ್ರತೆಯ ತೂತು ಮುಚ್ಚಿದೆ, ಓಡುತ್ತಿರುವ ಪ್ರಾಸೆಸ್‌ನಲ್ಲಿ ತೆರೆದೇ ಇದೆ. ನೀಡ್‌ರೀಸ್ಟಾರ್ಟ್ ಪ್ರತಿ ಪ್ರಾಸೆಸ್‌ನ ಮೆಮೊರಿ ನಕ್ಷೆಯನ್ನು ನೋಡಿ, ಅಳಿಸಿಹೋದ ಫೈಲುಗಳನ್ನು ಬಳಸುತ್ತಿರುವ ಸರ್ವಿಸ್‌ಗಳನ್ನು ಪಟ್ಟಿ ಮಾಡುತ್ತದೆ. ಓಡುತ್ತಿರುವ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹಳೆಯದಿದ್ದರೆ ಅದನ್ನೂ ಹೇಳುತ್ತದೆ. ಇದನ್ನು ಕೈಯಿಂದ ಮಾಡಿ ನೋಡಿದವರಿಗೆ ಇದರ ಬೆಲೆ ಗೊತ್ತು.

ತೊಂದರೆ ಇರುವುದು ಡೀಫಾಲ್ಟ್‌ನಲ್ಲಿ. 22.04ರಲ್ಲಿ ಇದರ ಮೋಡ್ 'ಐ', ಅಂದರೆ ಕೇಳಿ ಮಾಡು. ಯಾವ ಸರ್ವಿಸ್ ರೀಸ್ಟಾರ್ಟ್ ಮಾಡಲಿ ಎಂದು ನೇರಳೆ ಬಣ್ಣದ ಪರದೆ ಬರುತ್ತದೆ. ನೀವೇ ಎದುರಿಗಿದ್ದರೆ ಟ್ಯಾಬ್, ಎಂಟರ್ ಒತ್ತಿದರೆ ಮುಗಿಯಿತು. ಸ್ಕ್ರಿಪ್ಟ್ ಓಡಿಸಿ ಎದ್ದುಹೋಗಿದ್ದರೆ ಆ ಪ್ರಶ್ನೆ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ.

ಆದರೆ ನಿಂತ ಅಪ್‌ಗ್ರೇಡ್‌ಗಳಿಗೆಲ್ಲ ಇದೇ ಕಾರಣವಲ್ಲ. ಕಂಟ್ರೋಲ್-ಸಿ ಒತ್ತುವ ಮೊದಲು ಇನ್ನೊಂದು ಎಸ್‌ಎಸ್‌ಎಚ್ ಸೆಷನ್ ತೆರೆದು 'ಪಿಎಸ್‌ಟ್ರೀ -ಎಪಿ' ಕೊಟ್ಟು, ಆಪ್ಟ್ ಕೆಳಗೆ ಯಾರಿದ್ದಾರೆ ನೋಡಿ. ನೀಡ್‌ರೀಸ್ಟಾರ್ಟ್ ಮತ್ತು ಪ್ರಶ್ನೆಯ ಪರದೆ ತೋರಿಸುವ ವಿಪ್‌ಟೇಲ್ ಕಂಡರೆ ಅದು ಪ್ರಶ್ನೆಯೇ. ಈ ಹಂತಕ್ಕೆ, ಪ್ಯಾಕೇಜುಗಳನ್ನು ಕೂರಿಸುವ ಡಿಪಿಕೆಜಿ ತನ್ನ ಕೆಲಸ ಮುಗಿಸಿರುವುದರಿಂದ ಆ ಪ್ರಾಸೆಸ್ ಕೊಂದರೂ ಪ್ಯಾಕೇಜ್ ಕೆಡುವುದಿಲ್ಲ. ಪೋಸ್ಟ್‌ಇನ್ಸ್ಟ್ ಎಂದು ಕೊನೆಯಾಗುವ ಸ್ಕ್ರಿಪ್ಟ್ (ಪ್ಯಾಕೇಜ್ ಕೂತ ಮೇಲೆ ಓಡುವಂಥದ್ದು), ಅದರಡಿ ಸರ್ವಿಸ್‌ಗಳನ್ನು ಶುರುಮಾಡಿಸುವ ಸಿಸ್ಟಮ್‌ಸಿಟಿಎಲ್ ಕಂಡರೆ ಯಾವುದೋ ಸರ್ವಿಸ್ ಶುರುವಾಗದೆ ಒದ್ದಾಡುತ್ತಿದೆ. 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್' ಅದರ ಹೆಸರು ಕೊಡುತ್ತದೆ. ಸಾಮಾನ್ಯ ಸರ್ವಿಸ್ ಆದರೆ 90 ಸೆಕೆಂಡಿಗೆ ಟೈಮ್‌ಔಟ್ ಆಗಿ ಬಿಡುತ್ತದೆ. ಒಮ್ಮೆ ಓಡಿ ಮುಗಿಯುವ ಒನ್‌ಶಾಟ್ ಬಗೆಯ ಸರ್ವಿಸ್‌ಗೆ ಡೀಫಾಲ್ಟ್ ಆಗಿ ಟೈಮ್‌ಔಟೇ ಇಲ್ಲ, ಬೆಳಗಿನವರೆಗೂ ಕಾಯುತ್ತದೆ. ಇಲ್ಲಿ ಕೊಲ್ಲಲೇಬೇಕಾಗಿ ಬಂದರೆ ಆಮೇಲೆ 'ಡಿಪಿಕೆಜಿ --ಕಾನ್ಫಿಗರ್ -ಎ' ಕಡ್ಡಾಯ, ಇಲ್ಲವಾದರೆ ಪ್ಯಾಕೇಜ್ ಅರ್ಧಕ್ಕೇ ನಿಂತಿರುತ್ತದೆ.

ಲಾಕ್‌ಗಾಗಿ ಕಾಯುತ್ತಿದ್ದೇನೆ ಎಂಬ ಸಾಲು ಬಂದರೆ ಹಿನ್ನೆಲೆಯಲ್ಲಿ ತಾನಾಗಿ ಅಪ್‌ಡೇಟ್ ಹಾಕುವ ಅನಟೆಂಡೆಡ್-ಅಪ್‌ಗ್ರೇಡ್ಸ್ ಓಡುತ್ತಿರುವುದೇ ಹೆಚ್ಚು. ಅದು ಮುಗಿಯಲಿ. ಲಾಕ್ ಫೈಲನ್ನು ಮಾತ್ರ ಅಳಿಸಬೇಡಿ, ಎರಡು ಡಿಪಿಕೆಜಿಗಳು ಒಂದೇ ಡೇಟಾಬೇಸ್‌ಗೆ ಕೈಹಾಕಿದರೆ ಅದನ್ನು ಸರಿಪಡಿಸುವುದು ದೊಡ್ಡ ತಲೆನೋವು.

ನೀಡ್‌ರೀಸ್ಟಾರ್ಟ್‌ನ ಬಾಯಿ ಮುಚ್ಚಿಸಲು '/ಇಟಿಸಿ/ನೀಡ್‌ರೀಸ್ಟಾರ್ಟ್/ಕಾನ್ಫ್.ಡಿ' ಅಡಿ ಹೊಸ ಕಾನ್ಫ್ ಫೈಲಿಟ್ಟು, 'ರೀಸ್ಟಾರ್ಟ್' ಸೆಟ್ಟಿಂಗನ್ನು 'ಎ' ಅಥವಾ 'ಎಲ್' ಮಾಡಿ, ಕರ್ನಲ್ ಬಗ್ಗೆ ಎಚ್ಚರಿಸುವ 'ಕರ್ನಲ್‌ಹಿಂಟ್ಸ್' ಸೆಟ್ಟಿಂಗನ್ನು -1 ಮಾಡಿ. 'ಎ' ಎಂದರೆ ಕೇಳದೆ ರೀಸ್ಟಾರ್ಟ್, 'ಎಲ್' ಎಂದರೆ ಪಟ್ಟಿ ಮಾತ್ರ. ವೆಬ್ ಸರ್ವರ್‌ಗೆ 'ಎ', ಡೇಟಾಬೇಸ್ ಸರ್ವರ್‌ಗೆ 'ಎಲ್' ನಮ್ಮ ಆಯ್ಕೆ. ಒಂದೇ ಸಲಕ್ಕೆ ಸಾಕೆಂದರೆ ನೀಡ್‌ರೀಸ್ಟಾರ್ಟ್_ಮೋಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಅದನ್ನು ಕಮಾಂಡ್‌ನಲ್ಲಿ ಸುಡೋ ಎಂಬ ಪದ ಆದಮೇಲೆ ಬರೆಯಬೇಕು, ಮುಂಚೆ ಬರೆದರೆ ಸುಡೋ ಅದನ್ನು ಕಿತ್ತುಹಾಕುತ್ತದೆ.

ಡೆಬಿಯನ್_ಫ್ರಂಟ್ಎಂಡ್ ಎಂಬ ಇನ್ನೊಂದು ವೇರಿಯಬಲನ್ನು ನಾನ್‌ಇಂಟರಾಕ್ಟಿವ್ ಮಾಡಿದರೆ ಎಲ್ಲ ಪ್ರಶ್ನೆಯೂ ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ನಿಲ್ಲುವುದಿಲ್ಲ. ನೀವು ತಿದ್ದಿದ ಕಾನ್ಫಿಗ್ ಫೈಲ್ ಉಳಿಸಲೋ ಬದಲಿಸಲೋ ಎಂದು ಡಿಪಿಕೆಜಿ ಬೇರೆಯೇ ಕೇಳುತ್ತದೆ. ಅದಕ್ಕೆ 'ಫೋರ್ಸ್-ಕಾನ್ಫ್‌ಡೆಫ್' ಮತ್ತು 'ಫೋರ್ಸ್-ಕಾನ್ಫ್‌ಓಲ್ಡ್' ಎರಡನ್ನೂ ಆಪ್ಟ್ ಮೂಲಕ ಕಳಿಸಬೇಕು.

ಭದ್ರತೆಯ ದೃಷ್ಟಿಯಿಂದ ಒಂದು ದೊಡ್ಡ ಕಪ್ಪುಚುಕ್ಕೆ ಇದೆ. 2024ರ ನವೆಂಬರ್‌ನಲ್ಲಿ ಕ್ವಾಲಿಸ್ ಎಂಬ ಭದ್ರತಾ ಕಂಪನಿ ನೀಡ್‌ರೀಸ್ಟಾರ್ಟ್‌ನಲ್ಲಿ ಐದು ದೋಷಗಳನ್ನು ಬಯಲು ಮಾಡಿತು. ಸರ್ವರ್‌ನಲ್ಲಿ ಸಾಮಾನ್ಯ ಲಾಗಿನ್ ಇರುವವರು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಬಹುದಿತ್ತು, ಅದೂ 2014ರ 0.8 ಆವೃತ್ತಿಯಿಂದ. ಮೂಲದಲ್ಲಿ 3.8ರಲ್ಲಿ ಸರಿಪಡಿಸಿದ್ದಾರೆ, ಉಬುಂಟು ಹಳೆಯ ಆವೃತ್ತಿಗಳಿಗೂ ಪ್ಯಾಚ್ ಕೊಟ್ಟಿದೆ. ತಕ್ಷಣ ಅಪ್‌ಡೇಟ್ ಮಾಡಲಾಗದಿದ್ದರೆ ಅದರ ಕಾನ್ಫ್ ಫೈಲಿನಲ್ಲಿ ಇಂಟರ್ಪ್‌ಸ್ಕ್ಯಾನ್ ಎಂಬ ಸೆಟ್ಟಿಂಗನ್ನು 0 ಮಾಡಿಡಿ.

ಇಷ್ಟಾದರೂ ಇದನ್ನು ತೆಗೆದುಹಾಕಬೇಡಿ. ಹ್ಯಾಂಗ್ ಆಯಿತೆಂದು ಪರ್ಜ್ ಮಾಡಿದ ಸರ್ವರ್‌ನಲ್ಲಿ ಹಳೆಯ ಲೈಬ್ರರಿಗಳು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಓಡುತ್ತಿರುತ್ತವೆ. 24.04ರಲ್ಲಿ ಉಬುಂಟು ಡೀಫಾಲ್ಟನ್ನೇ ಬದಲಿಸಿದೆ: ಸರ್ವಿಸ್‌ಗಳು ತಾವಾಗಿ ರೀಸ್ಟಾರ್ಟ್ ಆಗುತ್ತವೆ, ಡಿಬಸ್‌ನಂಥ ಕೆಲವನ್ನು ಬಿಟ್ಟು. ಹಾಗಾಗಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸ್ ಓಡುವ ಸರ್ವರನ್ನು 24.04ಕ್ಕೆ ಒಯ್ಯುವವರು, ತಾನಾಗಿ ರೀಸ್ಟಾರ್ಟ್ ಆಗದಂತೆ ಕಾನ್ಫ್ ಫೈಲಿನ ಓವರ್‌ರೈಡ್_ಆರ್‌ಸಿ ಪಟ್ಟಿಯಲ್ಲಿ ಅದರ ಹೆಸರು ಸೇರಿಸಿ ಮೌಲ್ಯವನ್ನು 0 ಮಾಡಿಡಬೇಕು.